ಪರಂಗಿ ಎಲೆಯ ಪರದೆ

ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಮನೆಯಲ್ಲಿ ಹಾಲ್‌ಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲ, ಪರದೆ ಇದೆ. ದಪ್ಪ ಹತ್ತಿಯ ಬಟ್ಟೆ. ಕಿಟಕಿಗೆ, ಸೋಫಾಕ್ಕೆ ಹಾಕಲೆಂದು ಗಿರಣಿಗಳು ಒಂದು ಕಾಲದಲ್ಲಿ ತಯಾರಿಸುತ್ತಿದ್ದಂಥದ್ದು. ಕೆನೆ ಬಣ್ಣದ ಹಿನ್ನೆಲೆಯ ಮೇಲೆ ದೊಡ್ಡ ದೊಡ್ಡ ಎಲೆಗಳು. ಒಂದೊಂದೂ ಬಿಡಿಸಿದ ಅಂಗೈಗಿಂತ ಅಗಲ, ಅಂಚಿನಲ್ಲಿ ಆಳವಾದ ಸೀಳುಗಳು. ಸಾಸಿವೆ ಹಳದಿ, ಪಾಚಿ ಹಸಿರು, ಇಟ್ಟಿಗೆ ಕೆಂಪು ಬಣ್ಣಗಳನ್ನು ಮೆತ್ತಿದಂತೆ ಹಾಕಿ, ಅದರ ಮೇಲೆ ಕಂದು ಗೆರೆಯಲ್ಲಿ ಎಲೆಯ ಆಕಾರ ಬರೆದಿದ್ದಾರೆ. ಗೆರೆ ಬಣ್ಣದ ಮೇಲೆ ಸರಿಯಾಗಿ ಕೂತಿಲ್ಲ. ಬಣ್ಣ ಒಂದು ಕಡೆ ಉಳಿದು ಗೆರೆ ಇನ್ನೊಂದು ಕಡೆ ಜರುಗಿದೆ. ಸಾಲದ್ದಕ್ಕೆ ಯಾವ ಗೆರೆಯೂ ಪೂರ್ತಿಯಾಗಿಲ್ಲ. ಎಲೆಯನ್ನು ಸುತ್ತಿ ಬಂದು ತೊಟ್ಟಿನ ಹತ್ತಿರ ತಟ್ಟನೆ ನಿಂತುಬಿಡುತ್ತದೆ.

ಅಚ್ಚಾದಾಗ ಹಾಗಿತ್ತು ಎನ್ನಬೇಕು. ಗೆರೆ ನಿಂತಲ್ಲಿಂದ ಮುಂದಕ್ಕೆ ಅಮ್ಮ ಕಂದು ದಾರದಲ್ಲಿ ಹೊಲಿದು ಒಂದೊಂದೇ ಎಲೆಯ ಸುತ್ತು ಕೂಡಿಸಿದ್ದಾಳೆ. ಬಣ್ಣ ಗೆರೆಯಿಂದ ಆಚೆ ಹೋದಲ್ಲಿ ಬಣ್ಣದ ಅಂಚಿಗೇ ಇನ್ನೊಂದು ಹೊಲಿಗೆ ಹಾಕಿ ಅದನ್ನೂ ಎಲೆಯೊಳಗೆ ಸೇರಿಸಿಕೊಂಡಿದ್ದಾಳೆ.

ಅಪ್ಪ ಗಿರಣಿಯೊಂದರ ಲೆಕ್ಕದ ವಿಭಾಗದಲ್ಲಿದ್ದರು. ಗಿರಣಿಯ ಗೇಟಿನ ಪಕ್ಕ ನೌಕರರಿಗಾಗಿ ಒಂದು ಬಟ್ಟೆ ಅಂಗಡಿ ಇತ್ತು. ಅದರ ಒಂದು ಬದಿಗೆ ಒಳ್ಳೆಯ ಮಾಲು, ಇನ್ನೊಂದು ಬದಿಗೆ ಸೆಕೆಂಡ್ಸ್, ಅಂದರೆ ನೇಯ್ಗೆಯಲ್ಲೋ ಅಚ್ಚಿನಲ್ಲೋ ಕೆಟ್ಟದ್ದು. ಈ ಬಟ್ಟೆ ಸೆಕೆಂಡ್ಸ್ ಕಡೆಯಿಂದ ಬಂತು. ನಾವು ಈ ಮನೆಗೆ ಬಂದ ಹೊಸದು. ಅಡುಗೆಮನೆಯ ಬಾಯಿಗೆ ಏನಾದರೂ ಮರೆ ಬೇಕಿತ್ತು. ಬಾಯಿಯ ಮೇಲೆ ಟ್ರಂಕುಗಳನ್ನಿಡುವ ಲಾಫ್ಟ್ ಇದ್ದುದರಿಂದ ಎತ್ತರ ಕಡಿಮೆ, ಬಟ್ಟೆ ಉದ್ದ. ಹೊಸ ಬಟ್ಟೆಗೆ ಕತ್ತರಿ ಹಾಕುವುದು ಅಮ್ಮನ ಪದ್ಧತಿಯಲ್ಲ. ನನ್ನ ಚಡ್ಡಿಗಳಿಗೂ ಒಳಗೆ ಬೇಕಾದಷ್ಟು ಬಟ್ಟೆ ಮಡಿಸಿಟ್ಟೇ ಹೊಲಿಯುತ್ತಿದ್ದಳು, ಬೆಳೆಯುವ ಹುಡುಗ ಎಂದು. ಪರದೆಯನ್ನೂ ಹಾಗೆಯೇ ಕೆಳಗೆ ಮಡಿಸಿ ಹೊಲಿದು ನೇತುಹಾಕಿದಳು.

ಬಟ್ಟೆ ಮನೆಗೆ ಬಂದ ದಿನವೇ ಅವಳಿಗೆ ಅದರ ದೋಷ ಕಂಡಿತ್ತು. "ಎಳೆ ಕೂಡದೆ ಇರೋ ರಂಗೋಲಿ ಬಾಗ್ಲಿಗೆ ಹಾಕ್ತಾರೇನ್ರಿ?" ಎಂದು ಅಪ್ಪನನ್ನು ಕೇಳಿದಳಂತೆ. ಮೈಸೂರಿನ ಅವಳ ತವರಿನಲ್ಲಿ ಚುಕ್ಕಿ ರಂಗೋಲಿಯ ಎಳೆ ಹೊರಟಲ್ಲಿಗೇ ಬಂದು ಕೂಡಬೇಕು. ನಡುವೆ ಬಾಯಿ ಬಿಟ್ಟರೆ ಅಳಿಸಿ ಮತ್ತೆ ಹಾಕಬೇಕು. ಅಪ್ಪ, "ಅದು ರಂಗೋಲಿ ಅಲ್ಲ ಕಣೆ, ಪರದೆ" ಎಂದರಂತೆ. ಅಮ್ಮ ಮಾಟುಂಗಾ ಮಾರ್ಕೆಟ್ಟಿಗೆ ಹೋಗಿ ಕಂದು ದಾರ ತಂದಳು.

ಪರದೆಯನ್ನು ಕೆಳಗಿಳಿಸದೆಯೇ ಹೊಲಿಯುತ್ತಿದ್ದಳು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆ ಕಡೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಈ ಕಡೆ ಹಾಲ್‌ನಲ್ಲಿ ನಾನು ಹೋಮ್‌ವರ್ಕ್ ಮಾಡುತ್ತಿದ್ದೆ. ಎಲೆಯ ಅಂಚಿನಿಂದ ಸೂಜಿಯ ಮೊನೆ ಹೊರಬಂದು, ದಾರವನ್ನೆಳೆದುಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ಅಮ್ಮ ಕಾಣುತ್ತಿರಲಿಲ್ಲ. ಒಂದು ಎಲೆ ಮುಗಿಯಲು ಕೆಲವೊಮ್ಮೆ ವಾರ, ಕೆಲವೊಮ್ಮೆ ತಿಂಗಳು ಹಿಡಿಯುತ್ತಿತ್ತು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಪರದೆಯೂ ಮುಗಿದಿರಬೇಕು. ಅವಳು ಅದನ್ನು ಪರಂಗಿ ಎಲೆ ಎನ್ನುತ್ತಿದ್ದಳು. ಮನೆಯಲ್ಲಿ ಅದು ಪರಂಗಿ ಎಲೆ ಪರದೆ ಎಂದೇ ಆಯಿತು.

ನಾನು ಕೆಲಸಕ್ಕೆ ಸೇರಿದ್ದು ಫೋರ್ಟ್ ಪ್ರದೇಶದ ಒಂದು ಪತ್ರಿಕೆಯಲ್ಲಿ, ಡೆಸ್ಕಿಗೆ. ಬೇರೆಯವರು ಬರೆದದ್ದನ್ನು ತಿದ್ದುವ ಕೆಲಸ. ಬಣ್ಣದ ಪುಟಗಳು ಬಂದಾಗ ಮುದ್ರಣದ ಒಂದು ಪಾಠ ಕಲಿತೆ. ಬಣ್ಣಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಒಂದು ಪ್ಲೇಟು ಕೂದಲೆಳೆಯಷ್ಟು ಜರುಗಿದರೂ ಮಂತ್ರಿಯ ತುಟಿ ಕೆನ್ನೆಯ ಮೇಲೆ ಬರುತ್ತದೆ. ಅದಕ್ಕೆ ನಾವು 'ರಿಜಿಸ್ಟರ್ ಹೋಗಿದೆ' ಎನ್ನುತ್ತಿದ್ದೆವು. ಮನೆಗೆ ಬಂದವರು ಪರದೆಯ ಬಗ್ಗೆ ಕೇಳಿದರೆ ನಾನೇ ವಿವರಿಸುತ್ತಿದ್ದೆ: ರಿಜಿಸ್ಟರ್ ಹೋದ ಮಾಲು, ಸೆಕೆಂಡ್ಸ್‌ನಲ್ಲಿ ಬಂತು, ಅಮ್ಮ ಸರಿಮಾಡಿದಳು. ಈ ವಿವರಣೆಯನ್ನು ಯಾರೂ ಪ್ರಶ್ನಿಸಲಿಲ್ಲ.

ಕಳೆದ ವರ್ಷ ನಮ್ಮ ಬಿಲ್ಡಿಂಗಿನ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ನಗರದ ಮುಚ್ಚಿಹೋದ ಗಿರಣಿಗಳ ಅಚ್ಚಿನ ಬಟ್ಟೆಗಳನ್ನು ಸೇರಿಸಿ ಫೋರ್ಟಿನಲ್ಲಿ ಪ್ರದರ್ಶನ ಮಾಡುತ್ತಿದ್ದೇವೆ, ಯಾರ ಮನೆಯಲ್ಲಾದರೂ ಈ ವಿನ್ಯಾಸ ಇದೆಯೇ ಎಂದು ಕೇಳಿ, ಕೆಳಗೆ ಕಾಗದದ ಮೇಲೆ ನೆನಪಿನಿಂದ ಬರೆದ ಒಂದು ಎಲೆ. ಗೆರೆ ತೊಟ್ಟಿನ ಹತ್ತಿರ ನಿಂತಿತ್ತು. ನಾನು ಪರದೆಯ ಫೋಟೊ ತೆಗೆದು ಕಳಿಸಿದೆ. ಉತ್ತರದಲ್ಲಿ ಮಾತುಗಳಿಗಿಂತ ಉದ್ಗಾರ ಚಿಹ್ನೆಗಳೇ ಹೆಚ್ಚಿದ್ದವು. ಮುಂದಿನ ಭಾನುವಾರ ಬರಬಹುದೇ, ಆ ಎಲೆ ಬರೆದವರನ್ನೂ ಕರೆದುಕೊಂಡು ಬರುತ್ತೇನೆ ಎಂದಿತ್ತು.

ಬಂದವರು ಇಬ್ಬರು. ಪ್ರದರ್ಶನದ ಕೆಲಸ ನೋಡುತ್ತಿದ್ದ, ಇಪ್ಪತ್ತೈದರ ಆಸುಪಾಸಿನ ಹುಡುಗಿ; ಮತ್ತು ಅವಳ ಅಜ್ಜನ ತಂಗಿ, ಬೈಕುಲ್ಲಾದಲ್ಲಿರುವ, ಹೆಚ್ಚುಕಡಿಮೆ ಅಮ್ಮನ ವಯಸ್ಸಿನ ಮಹಿಳೆ. ಉಡುಪಿ ಕಡೆಯವರು. ಅವರ ತಂದೆ ಫೋರ್ಟಿನಲ್ಲಿ ಹೋಟೆಲು ನಡೆಸುತ್ತಿದ್ದರಂತೆ.

"ನಮಸ್ತೆ ಆಂಟಿ," ಎಂದಳು ಹುಡುಗಿ. "ಕನ್ನಡ ಸಮಜ್ತಾ ಹೈ, ಬಟ್ ಮಾತಾಡ್ಲಿಕ್ಕೆ ಥೋಡಾ..."

"ಆಗಲಿ ಕಣಮ್ಮ, ನಮ್ಮ ಬಿಲ್ಡಿಂಗ್ ಮಕ್ಳೆಲ್ಲ ಹಿಂಗೇ," ಎಂದಳು ಅಮ್ಮ.

ಹಿರಿಯರು ಕೂರಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಪರದೆಯ ಹತ್ತಿರ ಹೋದರು. ಒಂದು ಎಲೆಯ ಹೊಲಿಗೆಯ ಮೇಲೆ ಬೆರಳಿಟ್ಟು ಕೊನೆಯವರೆಗೂ ಎಳೆದರು. ಇನ್ನೊಂದು ಎಲೆ ನೋಡಿದರು.

"ಇದು ಯಾರು ಹೊಲಿದದ್ದು?"

"ನಾನೇ," ಅಮ್ಮ ಹೇಳಿದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು. ಇಷ್ಟು ಗಮನವಿಟ್ಟು ನೋಡಿದವರು ಅವಳಿಗೆ ಹಿಂದೆ ಸಿಕ್ಕಿರಲಿಲ್ಲ. "ಪೂರ್ತಿ ತಪ್ಪು ಪ್ರಿಂಟಾಗಿತ್ತು ನೋಡಿ. ನಾನೇ ಕೂತು ಸರಿಮಾಡ್ದೆ."

"ಎಲ್ಲಾ ಎಲೆಯೂವಾ?"

"ಒಂದೂ ಬಿಟ್ಟಿಲ್ಲ."

ಹುಡುಗಿಗೆ ತಡೆಯಲಾಗಲಿಲ್ಲ. "ಆಂಟಿ, ಮಿಸ್ಟೇಕ್ ನಹೀ ಥಾ. ಅದು ಹಾಗೇ ಡ್ರಾ ಮಾಡಿದ್ದು. ಡಿಸೈನೇ ಹಾಗೆ."

"ಯಾರು ಮಾಡಿದ್ದು?"

"ನಾನು," ಎಂದರು ಹಿರಿಯರು.

ಅಮ್ಮ ಪರದೆಯ ಕಡೆ ಒಮ್ಮೆ ತಿರುಗಿದಳು. ಆಮೇಲೆ, "ಕೂತ್ಕೊಳ್ಳಿ. ಮೊದ್ಲು ಕಾಫಿ ಕುಡೀರಿ," ಎಂದು ಒಳಗೆ ಹೋದಳು. ಈಗ ಅವಳಿಗೆ ಕಣ್ಣಿನ ನಡುಭಾಗ ಮಂಜು. ಎದುರಿಗಿರುವುದು ಕಾಣದೆ ಬದಿಯಲ್ಲಿರುವುದು ಕಾಣುತ್ತದೆ. ಅಡುಗೆಮನೆಗೆ ಹೋಗುವಾಗ ಪರದೆಯ ಹೊಲಿಗೆಯನ್ನು ಕೈಯಲ್ಲಿ ಮುಟ್ಟಿ ದಾರಿ ಹಿಡಿಯುತ್ತಾಳೆ. ಆ ದಿನವೂ ಹಾಗೆಯೇ ಹೋದಳು. ಇಬ್ಬರೂ ಅದನ್ನು ನೋಡಿದರು.

ಕಾಫಿಯ ಜೊತೆ ಮಾತು ಬಂತು.

"ತಪ್ಪು ತಿಳ್ಕೋಬೇಡಿ ಇವ್ರೆ. ಯಾಕೆ ಹಂಗೆ ಅರ್ಧಕ್ಕೇ ಬಿಟ್ಟಿದ್ದು? ಬಣ್ಣ ಮುಗ್ದುಹೋಗಿತ್ತಾ?"

"ಬಣ್ಣ ಎಂತ ಮುಗಿಲಿಕ್ಕೆ! ಗಾಳಿ ಆಡ್ಲಿಕ್ಕೆ ಬಿಟ್ಟದ್ದು ಮಾರಾಯ್ರೆ. ಗೆರೆ ಪೂರಾ ಮುಚ್ಚಿದ್ರೆ ಎಲೆ ಸತ್ತ ಹಾಗೆ ಕಾಣ್ತದೆ. ಪುಸ್ತಕದೊಳಗೆ ಇಟ್ಟು ಒಣಗಿಸಿದ ಹಾಗೆ."

"ಗಾಳಿಗೆ ಫ್ಯಾನ್ ಇದೆಯಲ್ಲ. ಪರಂಗಿ ಎಲೆನೂ ಗಾಳಿ ಬೀಸ್ಬೇಕಾ?"

"ಪರಂಗಿ ಅಂದ್ರೆ ಎಂತದು?"

"ಪಪೀತಾ, ಅಜ್ಜಿ," ಎಂದಳು ಹುಡುಗಿ.

"ಪಪ್ಪಾಯಿಯಾ! ಅಯ್ಯೋ ದೇವರೇ. ಇಷ್ಟು ವರ್ಷ ಪಪ್ಪಾಯಿ ಅಂತ ಇಟ್ಕೊಂಡಿದ್ದೀರಾ? ಇದು ಜೀಗುಜ್ಜೆ ಅಲ್ವಾ, ದೀವಿ ಹಲಸು. ಅದರ ಪೋಡಿ ತಿಂದಿಲ್ವಾ ನೀವು?"

"ನಾವು ಮೈಸೂರವ್ರು. ಬೋಂಡಾ ತಿಂತೀವಿ, ಆಲೂಗಡ್ಡೇದು."

"ಹಾಗಾದ್ರೆ ಮಾಫಿ," ಎಂದು ಅವರು ನಕ್ಕರು. ಅಮ್ಮನೂ ನಕ್ಕಳು. ಆದರೆ ಲೋಟ ಕೆಳಗಿಟ್ಟ ಮೇಲೆ ಇಬ್ಬರೂ ಪರದೆಯ ಕಡೆಗೇ ನೋಡಿದರು.

ಅವರು ಹೇಳಿದ್ದನ್ನು ಸಂಕ್ಷೇಪವಾಗಿ ದಾಖಲಿಸುತ್ತೇನೆ. ಅಪ್ಪ ಕೆಲಸ ಮಾಡುತ್ತಿದ್ದ ಅದೇ ಗಿರಣಿಯ ಡಿಸೈನ್ ಕೋಣೆಯಲ್ಲಿ ಅವರಿದ್ದರು. ಬೈಕುಲ್ಲಾದ ರಾಣಿ ಬಾಗ್ ಉದ್ಯಾನದಲ್ಲಿ ಕೂತು ಎಲೆಗಳನ್ನು ಬರೆದರು. ಅಚ್ಚಿನ ವಿಭಾಗದವರು, ಗೆರೆ ಕೂರುತ್ತಿಲ್ಲ, ಸರಿಮಾಡುತ್ತೇವೆ ಎಂದರು. ಸರಿಮಾಡಬೇಡಿ ಎಂದು ಇವರು ಹಠ ಹಿಡಿದು ಹೀಗೆಯೇ ಅಚ್ಚು ಹಾಕಿಸಿದರು. ಬಟ್ಟೆ ಪೇಟೆಗೆ ಹೋಯಿತು. ವ್ಯಾಪಾರಿಗಳು ಮಿಸ್‌ಪ್ರಿಂಟ್ ಎಂದು ಅಷ್ಟನ್ನೂ ಹಿಂದಕ್ಕೆ ಕಳಿಸಿದರು. ಬಟ್ಟೆ ಗೇಟಿನ ಅಂಗಡಿಯ ಸೆಕೆಂಡ್ಸ್ ಕಡೆಗೆ ಹೋಯಿತು. ಇವರನ್ನು ಸೀರೆಯ ಅಂಚು ಬರೆಯಲು ಹಾಕಿದರು. ಗಿರಣಿ ಮುಚ್ಚುವವರೆಗೂ ಅವರು ಅಂಚುಗಳನ್ನೇ ಬರೆದರು. ಮಾದರಿ ಬಟ್ಟೆಗಳು ರದ್ದಿಗೆ ಹೋದವು. ಅವರ ಹತ್ತಿರ ಈ ವಿನ್ಯಾಸದ ಒಂದು ಚೂರೂ ಉಳಿದಿರಲಿಲ್ಲ. ಹುಡುಗಿ ತಿಂಗಳುಗಟ್ಟಲೆ ಕೇಳಿದ ಮೇಲೆ ಸಿಕ್ಕಿದ್ದು ನಮ್ಮದೊಂದೇ.

ಇದಾದ ಮೇಲೆ ಹುಡುಗಿ ಬಂದ ವಿಷಯ ಹೇಳಿದಳು. ಹಳೆಯ ಬಟ್ಟೆ ರಿಪೇರಿ ಮಾಡುವವರೊಬ್ಬರು ಪ್ರದರ್ಶನದ ಜೊತೆಗಿದ್ದಾರೆ. ಅವರು ಫೋಟೊ ನೋಡಿದ್ದಾರೆ. ದಾರವನ್ನು ಒಂದೊಂದೇ ಹೊಲಿಗೆ ಬಿಚ್ಚಿ ತೆಗೆಯಬಹುದಂತೆ, ಬಟ್ಟೆಗೆ ಏನೂ ಆಗುವುದಿಲ್ಲವಂತೆ.

"ಯಾವ ದಾರ?" ಅಮ್ಮ ಕೇಳಿದಳು.

"ನಿಮ್ದು, ಆಂಟಿ."

ಅಮ್ಮ ಹಿರಿಯರ ಕಡೆ ತಿರುಗಿದಳು. ಅವರ ಮುಖ ಕಾಣಲೆಂದು ತಲೆಯನ್ನು ಸ್ವಲ್ಪ ಪಕ್ಕಕ್ಕೆ ಹಿಡಿದಳು. "ನೀವೇನಂತೀರಿ?"

"ನಾನು ಕೇಳೂದಿಲ್ಲ. ಕೇಳಿದ್ದು ಅವಳು," ಎಂದರು ಅವರು. "ಆದ್ರೆ ಕೇಳ್ಬೇಡ ಅಂತಲೂ ನಾನು ಹೇಳ್ಲಿಲ್ಲ. ಒಂದು ಸಲ ಅದು ಹೇಗಿತ್ತೋ ಹಾಗೆ ನೋಡ್ಬೇಕು ಅಂತ ಉಂಟು. ಸುಳ್ಳು ಯಾಕೆ ಹೇಳೂದು?"

"ಬರೋ ಭಾನುವಾರ ಬನ್ನಿ. ಯೋಚ್ನೆ ಮಾಡಿರ್ತೀನಿ," ಎಂದಳು ಅಮ್ಮ.

ಆ ವಾರ ಅವಳು ಆ ವಿಷಯ ಹೆಚ್ಚು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎರಡೂ ಕಡೆಯ ಮಾತು ಕೇಳಿದ್ದೆ, ಎರಡಕ್ಕೂ ಆಧಾರವಿತ್ತು. ಒಬ್ಬರ ಒಂದೇ ಒಂದು ಕೆಲಸ ಇನ್ನೊಬ್ಬರ ಇಷ್ಟೂ ವರ್ಷದ ಮಧ್ಯಾಹ್ನಗಳ ಕೆಳಗೆ ಸಿಕ್ಕಿಕೊಂಡಿತ್ತು. ಒಂದನ್ನು ಬಿಡಿಸಬೇಕಾದರೆ ಇನ್ನೊಂದನ್ನು ಬಿಚ್ಚಬೇಕು. ಈಗ ಬಿಚ್ಚಿದರೆ ಮತ್ತೆ ಹೊಲಿಯಲು ಅಮ್ಮನಿಗೆ ಕಣ್ಣಿಲ್ಲ. ಅಷ್ಟೇ ಅಲ್ಲ, ಅಡುಗೆಮನೆಗೆ ಹೋಗುವಾಗ ಕೈಗೆ ಸಿಗುವ ಗುರುತೂ ಇರುವುದಿಲ್ಲ.

ಗುರುವಾರವಿರಬೇಕು, ನಾನು ಬೆಳಗಿನ ಪೇಪರು ನೋಡುತ್ತಿದ್ದಾಗ ಕೇಳಿದಳು: "ನೀನು ಬೇರೆಯವ್ರು ಬರೆದಿದ್ದು ತಿದ್ತಿದ್ಯಲ್ಲ. ಬರೆದವ್ರು ಬಂದು, ನಾನು ಬರೆದಿದ್ದೇ ಸರಿಯಾಗಿತ್ತು, ನೀನೇ ಕೆಡಿಸ್ದೆ ಅಂದ್ರೆ ಏನು ಮಾಡ್ತಿದ್ದೆ?"

"ಅವರು ಹೇಳಿದ್ದು ನಿಜ ಅಂತಾದ್ರೆ ಮಾರನೆ ದಿನ ತಿದ್ದುಪಡಿ ಹಾಕ್ತಿದ್ವಿ."

"ಎಲ್ಲಿ?"

"ಒಳಗಿನ ಪುಟದಲ್ಲಿ. ಕೆಳಗೆ, ಸಣ್ಣಕ್ಷರದಲ್ಲಿ."

"ಮೊದ್ಲಿನದನ್ನ ಅಳಿಸ್ತಿರ್ಲಿಲ್ವಾ?"

"ಹೇಗಮ್ಮ ಅಳಿಸೋದು? ಅದಾಗ್ಲೇ ಅಚ್ಚಾಗಿ ಮನೆಮನೆಗೆ ಹೋಗಿರುತ್ತೆ. ಅದೂ ಇರುತ್ತೆ, ಇದೂ ಇರುತ್ತೆ."

"ಕೆಳಗೆ," ಎಂದಳು ಅವಳು, ತನಗೆ ತಾನೇ.

ಶನಿವಾರ ತಿಂಡಿಯಾದ ಮೇಲೆ ಪರದೆ ಇಳಿಸು ಎಂದಳು. ಬಿಚ್ಚಲು ಒಪ್ಪಿದಳೆಂದೇ ನಾನು ಭಾವಿಸಿದೆ. ಇಳಿಸಿ ಕೊಟ್ಟೆ. ಅವಳು ಕಿಟಕಿಯ ಹತ್ತಿರ ಕೂತು, ಪರದೆಯನ್ನು ತಲೆಕೆಳಗು ಮಾಡಿ, ಕೆಳಗಿನ ಮಡಿಕೆಯನ್ನು ಹುಡುಕಿ ಹಿಡಿದಳು. "ಒಂದೂ ಬಿಟ್ಟಿಲ್ಲ ಅಂದೆನಲ್ಲ ಅವತ್ತು. ಸುಳ್ಳು ಕಣೋ. ಇದ್ರೊಳಗಿರೋದಕ್ಕೆ ಸೂಜಿ ಹಾಕಿಲ್ಲ. ಯಾರ್ಗೂ ಕಾಣಲ್ವಲ್ಲ ಅಂತ ಬಿಟ್ಟೆ. ಬ್ಲೇಡ್ ಕೊಡು."

ಬ್ಲೇಡನ್ನು ನಾನು ಅವಳ ಕೈಗೆ ಕೊಡಲಿಲ್ಲ. ಅವಳು ಬೆರಳಿಟ್ಟು ತೋರಿಸಿದಂತೆ ಮಡಿಕೆಯ ಹೊಲಿಗೆಯನ್ನು ನಾನೇ ಬಿಚ್ಚಿದೆ. ಒಳಗಿಂದ ಒಂದು ಮೊಳಕ್ಕೂ ಹೆಚ್ಚು ಬಟ್ಟೆ ಬಂತು, ಜೊತೆಗೆ ಒಂದಿಷ್ಟು ಧೂಳು. ನೆಲದ ಮೇಲೆ ಹರಡಿದೆ. ಆ ಹಳದಿ ನಾವು ನೋಡುತ್ತಾ ಬಂದ ಹಳದಿಯಾಗಿರಲಿಲ್ಲ; ಆಗ ತಾನೇ ಅರೆದ ಸಾಸಿವೆಯಂತಿತ್ತು. ಹಸಿರಿನಲ್ಲಿ ಇನ್ನೂ ಒದ್ದೆಯಿದ್ದಂತೆ ಕಾಣುತ್ತಿತ್ತು. ಗೆರೆಗಳು ತೊಟ್ಟಿನ ಹತ್ತಿರ ನಿಂತಿದ್ದವು.

ಆಗ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಪ್ಲೇಟು ಜರುಗಿದರೆ ಇಡೀ ಪುಟದಲ್ಲಿ ಬಣ್ಣ ಒಂದೇ ದಿಕ್ಕಿಗೆ ಜರುಗುತ್ತದೆ. ಮಂತ್ರಿಯ ತುಟಿ ಎಡಕ್ಕೆ ಹೋದರೆ ಪಕ್ಕದವನ ಟೋಪಿಯೂ ಎಡಕ್ಕೇ ಹೋಗಬೇಕು. ಇಲ್ಲಿ ಹಾಗಿರಲಿಲ್ಲ. ಒಂದು ಎಲೆಯ ಹಳದಿ ಬಲಕ್ಕಿತ್ತು, ಅದರ ಪಕ್ಕದ್ದು ಎಡಕ್ಕೆ, ಕೆಳಗಿನದ್ದು ಮೇಲಕ್ಕೆ. ಗಾಳಿ ಬೀಸಿದಾಗ ಒಂದು ಕೊಂಬೆಯ ಎಲೆಗಳು ಹೇಗೆ ಹೇಗೋ ತಿರುಗುವ ಹಾಗೆ. ಯಂತ್ರದ ತಪ್ಪು ಹೀಗಿರುವುದಿಲ್ಲ. ಮೇಲಿನ ಎಲೆಗಳಲ್ಲೂ ಇದೇ ವ್ಯತ್ಯಾಸ ಇದ್ದೇ ಇತ್ತು. ಅಮ್ಮನ ಹೊಲಿಗೆ ಬಣ್ಣವನ್ನೂ ಗೆರೆಯನ್ನೂ ಒಂದೇ ಅಂಚಿನೊಳಗೆ ತಂದಿದ್ದರಿಂದ ಕಣ್ಣಿಗೆ ಬೀಳುತ್ತಿರಲಿಲ್ಲ.

ಅಮ್ಮನಿಗೆ ಹೇಳಿದೆ. ಅವಳು ಮುಖವನ್ನು ಬಟ್ಟೆಯ ಹತ್ತಿರಕ್ಕೆ ತಂದು, ಪಕ್ಕಕ್ಕೆ ತಿರುಗಿಸಿ, ತುಂಬ ಹೊತ್ತು ನೋಡಿದಳು. ಎಷ್ಟು ಕಂಡಿತೋ ತಿಳಿಯದು.

"ಹಳದಿ ಹಿಂಗಿತ್ತಾ!" ಎಂದಳು. ಗೆರೆಯ ಬಗ್ಗೆ ಏನೂ ಹೇಳಲಿಲ್ಲ.

ಭಾನುವಾರ ಅವರು ಬರುವ ಹೊತ್ತಿಗೆ ಪರದೆ ಮತ್ತೆ ಅದೇ ಜಾಗದಲ್ಲಿತ್ತು. ಬಿಚ್ಚಿದ ಭಾಗ ನೆಲಕ್ಕೆ ಇಳಿದು, ಹಾಲ್‌ನ ಟೈಲ್ಸ್ ಮೇಲೆ ಹರಡಿಕೊಂಡಿತ್ತು.

"ಅಗೋ, ಕೆಳಗೆ ನೋಡಿ," ಎಂದಳು ಅಮ್ಮ. "ಅದು ನಿಮ್ದು. ನಾನು ಕೈ ಹಾಕಿಲ್ಲ."

ನಿಂತು ನೋಡಿದರೆ ಸಾಲದು ಎನ್ನಿಸಿರಬೇಕು. ಅವರು ಒಂದು ಕೈಯನ್ನು ಹುಡುಗಿಯ ಹೆಗಲ ಮೇಲಿಟ್ಟು, ಇನ್ನೊಂದನ್ನು ಗೋಡೆಗೆ ಕೊಟ್ಟು, ನಿಧಾನವಾಗಿ ನೆಲದ ಮೇಲೆ ಕೂತರು. "ಅಜ್ಜಿ, ಸಂಭಾಲ್ಕೇ," ಎಂದಳು ಹುಡುಗಿ. ಅವರು ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡರು. ಎಲೆಗಳನ್ನು ಮುಟ್ಟಲಿಲ್ಲ, ಅಂಚನ್ನು ಮಾತ್ರ ಹಿಡಿದಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ಕೆಂಪು ಸ್ವಲ್ಪ ಜಾಸ್ತಿಯಾಯ್ತು. ಆಗಲೂ ನಂಗೆ ಹಾಗೇ ಅನಿಸಿತ್ತು," ಎಂದರು. ಆಮೇಲೆ ಮೂಗು ಒರೆಸಿಕೊಂಡು, "ಧೂಳು ಉಂಟು ಇದರಲ್ಲಿ," ಎಂದರು.

"ಇರ್ದೆ ಏನು? ಎಷ್ಟು ವರ್ಷದ ಮಡಿಕೆ!"

ಹುಡುಗಿ ಕೆಳಗಿನ ಭಾಗವನ್ನಷ್ಟೇ ಕತ್ತರಿಸಿ ಚೌಕಟ್ಟು ಹಾಕಬಹುದು ಎಂದಳು. ಅಮ್ಮ ಬೇಡ ಎಂದಳು. ಬೇಡ ಎಂಬ ಮಾತು ಎರಡು ಕಡೆಯಿಂದ ಬಂತು. ನೆಲದ ಮೇಲಿದ್ದವರೂ ಅದನ್ನೇ ಹೇಳಿದ್ದರು. ಕತ್ತರಿ ಹಾಕಬಾರದು, ದಾರ ಬಿಚ್ಚಬಾರದು, ಮುಗಿದ ಮೇಲೆ ವಾಪಸ್ಸು ತಂದುಕೊಡಬೇಕು. ಅಮ್ಮನ ಷರತ್ತುಗಳು ಇಷ್ಟೇ.

"ನಂದೂ ಒಂದು ಉಂಟು," ಎಂದರು ಅವರು. "ಕೆಳಗಿನದ್ದಕ್ಕೆ ನನ್ನ ಹೆಸರು ಹಾಕಿ. ಮೇಲಿನದ್ದಕ್ಕೆ ಹಾಕ್ಬೇಡಿ. ಬೇಜಾರು ಮಾಡ್ಬೇಡಿ ನೀವು. ಹೊಲಿಗೆ ಚಂದ ಉಂಟು. ಆದ್ರೆ ಅದು ನನ್ನ ಎಲೆ ಅಲ್ಲ."

"ಬೇಜಾರೇನು? ನಿಮ್ಮೆಲೆ ಜೀಗುಜ್ಜೆ, ನಂದು ಪರಂಗಿ," ಎಂದಳು ಅಮ್ಮ. "ಏಳಿ, ಕಾಫಿ ಆರುತ್ತೆ."

ಪ್ರದರ್ಶನಕ್ಕೆ ಅಮ್ಮನನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದೆ. ಎತ್ತರದ ಗೋಡೆ, ಪರದೆ ಮೊದಲ ಬಾರಿಗೆ ಪೂರ್ತಿ ಉದ್ದಕ್ಕೆ ತೂಗುತ್ತಿತ್ತು. ಪಕ್ಕದ ಫಲಕದಲ್ಲಿ ಎರಡು ಹೆಸರುಗಳಿದ್ದವು, ಒಂದರ ಮೇಲೊಂದು. ಜನ ಹತ್ತಿರ ಹೋಗಿ ಹೊಲಿಗೆ ನೋಡಿ, ಬಗ್ಗಿ ಕೆಳಗಿನ ಎಲೆ ನೋಡಿ, ಮತ್ತೆ ಮೇಲೆ ನೋಡುತ್ತಿದ್ದರು. ಕೆಲವರಿಗೆ ಮೇಲಿನದ್ದು ಇಷ್ಟವಾಯಿತು, ಕೆಲವರಿಗೆ ಕೆಳಗಿನದ್ದು. ಇಬ್ಬರು ಹಿರಿಯರೂ ಒಂದು ಬೆಂಚಿನ ಮೇಲೆ ಕೂತು ಬೇರೆ ಏನೋ ಮಾತಾಡುತ್ತಿದ್ದರು. ಹತ್ತಿರ ಹೋದಾಗ ಕೇಳಿಸಿದ್ದು ಮಂಡಿನೋವಿನ ಎಣ್ಣೆಯ ವಿಷಯ.

ಮಾತು ಕೊಟ್ಟಂತೆ ಪರದೆ ವಾಪಸ್ಸು ಬಂತು. ಮೊದಲಿನ ಹಾಗೆ ಕೆಳಗೆ ಮಡಿಸಿ ಹೊಲಿಸಿಕೊಡಲೇ ಎಂದು ಅಮ್ಮನನ್ನು ಕೇಳಿದೆ. ನೆಲದ ಮೇಲೆ ಹರಡಿದ್ದರೆ ಅವಳ ಕಾಲಿಗೆ ಸಿಕ್ಕುತ್ತದೆ.

"ಮತ್ತೆ ಒಳಗೆ ಹಾಕೋದು ಬೇಡ," ಎಂದಳು. "ಪರದೆ ಕೋಲು ಮೇಲಕ್ಕೆ ಹಾಕ್ಸು."

ಕೆಳಗಿನ ಬೀದಿಯಿಂದ ಬಡಗಿ ಬಂದು, ಅಡುಗೆಮನೆಯ ಬಾಯಿಯಲ್ಲಿದ್ದ ಕೋಲನ್ನು ಬಿಚ್ಚಿ, ಲಾಫ್ಟ್‌ನ ಅರ್ಧದ ಎತ್ತರಕ್ಕೆ ಹಾಲ್‌ನ ಗೋಡೆಗೆ ಹಾಕಿದ. ಈಗ ಟ್ರಂಕುಗಳೂ ಅರ್ಧ ಮರೆಯಾಗಿವೆ. ಎಲ್ಲ ಎಲೆಗಳೂ ಒಂದು ಮೊಳ ಮೇಲಕ್ಕೆ ಹೋಗಿವೆ. ಮೊದಲೆರಡು ದಿನ ಅಮ್ಮನ ಕೈ ಹಳೆಯ ಎಲೆಯ ಜಾಗಕ್ಕೆ ಹೋಗಿ, ಬೇರೆ ಎಲೆಯ ಹೊಲಿಗೆ ಸಿಕ್ಕಿ, ಒಂದು ಕ್ಷಣ ತಡೆಯುತ್ತಿತ್ತು. ಆಮೇಲೆ ಅದೂ ರೂಢಿಯಾಯಿತು.

ಒಂದು ಮಧ್ಯಾಹ್ನ ನೋಡಿದಾಗ ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಹೊಲಿಗೆಯ ಮೇಲೆ ಬೆರಳಿಟ್ಟು ಒಂದು ಎಲೆಯಿಂದ ಇನ್ನೊಂದಕ್ಕೆ ಕೆಳಗಿಳಿಯುತ್ತಿದ್ದಳು. ಮೊಣಕಾಲಿನ ಮಟ್ಟಕ್ಕೆ ಬಂದಾಗ ದಾರ ಮುಗಿಯಿತು, ಬರೀ ಬಟ್ಟೆ ಸಿಕ್ಕಿತು. ಕೈ ಅಲ್ಲೇ ನಿಂತಿತು.

"ಇಲ್ಲಿಂದ ಕೆಳಗೆ ಅವ್ರದ್ದು," ಎಂದಳು. "ನೆಲ ಒರೆಸೋವಾಗ ನೀರು ಸಿಡೀದೆ ಇರೋ ಹಂಗೆ ಒರೆಸು ಅಂತ ಕೆಲಸದವ್ಳಿಗೆ ಹೇಳು."